ಅಳತೆ ಪುಸ್ತಕ

ಮಕ್ಕಳೇ, ನಿಮ್ಮ ಊರಿನಲ್ಲಿ ಶಾಲೆಯ ಕೋಣೆಯನ್ನೋ, ಅಂಗನವಾಡಿಯನ್ನೋ, ನೀರಿನ ತೊಟ್ಟಿಯನ್ನೋ, ಸಿಮೆಂಟ್ ರಸ್ತೆಯನ್ನೋ ಕಟ್ಟುವುದನ್ನು ನೀವು ನೋಡಿರುತ್ತೀರಿ. ಅಲ್ಲಿ ಯಾರು ಯಾರು ಕೆಲಸ ಮಾಡುತ್ತಾರೆ? ಮಣ್ಣು ಅಗೆಯುವವರು, ಕಲ್ಲು ಹೊರುವವರು, ಗಾರೆ ಕಲಸುವವರು, ಗೋಡೆ ಕಟ್ಟುವ ಮೇಸ್ತ್ರಿ, ಕಬ್ಬಿಣದ ಸರಳುಗಳನ್ನು ಬಾಗಿಸಿ ಕಟ್ಟುವವರು. ಇವರೆಲ್ಲರನ್ನೂ ನೀವು ಬಲ್ಲಿರಿ. ಈ ಕೆಲಸವನ್ನು ವಹಿಸಿಕೊಂಡ ಗುತ್ತಿಗೆದಾರರನ್ನೂ ನೋಡಿರಬಹುದು. ಅವರನ್ನು ನಾವು ಕಂಟ್ರಾಕ್ಟರ್ ಎಂದೂ ಕರೆಯುತ್ತೇವೆ.

ಇವರಲ್ಲದೆ ಇನ್ನೊಬ್ಬರು ಆಗಾಗ ಬರುತ್ತಾರೆ. ಅವರು ಕಲ್ಲು ಹೊರುವುದಿಲ್ಲ, ಗೋಡೆ ಕಟ್ಟುವುದಿಲ್ಲ. ಅವರ ಕೈಯಲ್ಲಿ ಅಳತೆಯ ಟೇಪು ಇರುತ್ತದೆ, ಕಂಕುಳಲ್ಲಿ ಒಂದು ಪುಸ್ತಕ ಇರುತ್ತದೆ. ಅವರು ಅಳೆಯುತ್ತಾರೆ, ಬರೆದುಕೊಳ್ಳುತ್ತಾರೆ, ಕೆಲವು ವೇಳೆ "ಇದು ಸರಿಯಿಲ್ಲ, ಬಿಚ್ಚಿರಿ" ಎನ್ನುತ್ತಾರೆ. ಅವರು ಯಾರು? ಅವರ ಮಾತಿಗೆ ಅಷ್ಟು ಬೆಲೆ ಏಕೆ? ಆ ಪುಸ್ತಕದಲ್ಲಿ ಏನಿರುತ್ತದೆ? ಈ ಪಾಠದಲ್ಲಿ ಅದನ್ನು ತಿಳಿದುಕೊಳ್ಳೋಣ.

ಕರಾರು ಎಂದರೇನು?

ಹಬ್ಬಕ್ಕೆ ನೀವು ಹೊಸ ಅಂಗಿ ಹೊಲಿಸುತ್ತೀರಿ. ದರ್ಜಿಯವರು ನಿಮ್ಮ ತೋಳು, ಎದೆ, ಎತ್ತರ ಎಲ್ಲವನ್ನೂ ಅಳೆದು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಎಂದು ಕೊಡಬೇಕು, ಎಷ್ಟು ಕೂಲಿ ಎಂಬುದೂ ಮೊದಲೇ ಮಾತಾಗುತ್ತದೆ. ಅಂಗಿ ಸಿಕ್ಕಾಗ ನೀವು ತೊಟ್ಟು ನೋಡುತ್ತೀರಿ. ಬಿಗಿಯಾದರೆ ಸರಿಮಾಡಿಕೊಡಲು ಹೇಳುತ್ತೀರಿ. ಹೀಗೆ ಇಬ್ಬರು ಸೇರಿ "ಇಂಥ ಕೆಲಸ, ಇಷ್ಟು ದಿನದಲ್ಲಿ, ಇಷ್ಟು ಹಣಕ್ಕೆ" ಎಂದು ಒಪ್ಪಿಕೊಳ್ಳುವುದೇ ಕರಾರು.

ಶಾಲೆಯ ಕೋಣೆ ಕಟ್ಟುವುದಕ್ಕೂ ಕರಾರು ಬೇಕು. ಆದರೆ ಇಲ್ಲಿ ಚೀಟಿ ಸಾಲದು. ಮೊದಲು ಕಟ್ಟಡದ ನಕ್ಷೆ ತಯಾರಾಗುತ್ತದೆ. ಆಮೇಲೆ ಎಷ್ಟು ಕಲ್ಲು, ಎಷ್ಟು ಸಿಮೆಂಟ್, ಎಷ್ಟು ಕಬ್ಬಿಣ ಬೇಕು, ಒಟ್ಟು ಎಷ್ಟು ಖರ್ಚಾಗಬಹುದು ಎಂಬ ಅಂದಾಜು ಪಟ್ಟಿ ತಯಾರಾಗುತ್ತದೆ. ಇದಕ್ಕೆ ಎಸ್ಟಿಮೇಟ್ ಎನ್ನುತ್ತಾರೆ. ಅನಂತರ "ಈ ಕೆಲಸವನ್ನು ಯಾರು ಎಷ್ಟಕ್ಕೆ ಮಾಡಿಕೊಡುವಿರಿ?" ಎಂದು ಬಹಿರಂಗವಾಗಿ ಕೇಳುತ್ತಾರೆ. ಇದೇ ಟೆಂಡರ್. ಹಿಂದೆ ಗುತ್ತಿಗೆದಾರರು ತಮ್ಮ ದರವನ್ನು ಬರೆದು, ಲಕೋಟೆಗೆ ಅರಗು ಹಾಕಿ ಕಚೇರಿಯ ಪೆಟ್ಟಿಗೆಯಲ್ಲಿ ಹಾಕುತ್ತಿದ್ದರು. ಆಂಧ್ರಪ್ರದೇಶದಲ್ಲಿ 2003ರಿಂದ ಕಂಪ್ಯೂಟರಿನ ಮೂಲಕ ಟೆಂಡರ್ ಕರೆಯುವ ಪದ್ಧತಿ ಆರಂಭವಾಯಿತು.

ಟೆಂಡರ್ ಯಾರಿಗೆ ಆಗುತ್ತದೆಯೋ ಅವರು ಕರಾರು ಪತ್ರಕ್ಕೆ ಸಹಿ ಹಾಕುತ್ತಾರೆ. ಅವರು ಸ್ವಲ್ಪ ಹಣವನ್ನು ಠೇವಣಿಯಾಗಿಯೂ ಇಡಬೇಕಾಗುತ್ತದೆ. ಕರಾರು ಬಾಯಿಮಾತಲ್ಲ. ಅದಕ್ಕೆ ಕಾನೂನಿನ ಬಲವಿದೆ. ನಮ್ಮ ದೇಶದ ಕರಾರು ಕಾಯ್ದೆ 1872ರಷ್ಟು ಹಳೆಯದು.

ಮೂರನೆಯವರು ಏಕೆ ಬೇಕು?

ಅಂಗಿಯನ್ನು ತೊಟ್ಟು ನೋಡಿದರೆ ಅದು ಸರಿಯಾಗಿದೆಯೋ ಇಲ್ಲವೋ ತಿಳಿಯುತ್ತದೆ. ಕಟ್ಟಡ ಹಾಗಲ್ಲ. ಸುಣ್ಣ ಬಣ್ಣ ಬಳಿದ ಹೊಸ ಕೋಣೆ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಅದರ ಪಾಯ ಎಷ್ಟು ಆಳವಿದೆ? ಛಾವಣಿಯ ಒಳಗೆ ಎಷ್ಟು ಸರಳುಗಳಿವೆ? ಕಾಂಕ್ರೀಟಿಗೆ ಎಷ್ಟು ಸಿಮೆಂಟ್ ಹಾಕಿದ್ದಾರೆ? ಇವು ಯಾವುವೂ ಹೊರಗೆ ಕಾಣುವುದಿಲ್ಲ. ಪಾಯದ ಮೇಲೆ ಮಣ್ಣು ಬೀಳುತ್ತದೆ. ಸರಳುಗಳ ಮೇಲೆ ಕಾಂಕ್ರೀಟ್ ಬೀಳುತ್ತದೆ. ಒಮ್ಮೆ ಮುಚ್ಚಿಹೋದ ಮೇಲೆ ಒಡೆಯದೆ ನೋಡಲು ಸಾಧ್ಯವಿಲ್ಲ.

ಆದ್ದರಿಂದ ಮುಚ್ಚುವ ಮೊದಲೇ ಯಾರಾದರೂ ನೋಡಬೇಕು. ನೋಡಿದವರಿಗೆ ಅದರ ತಿಳಿವಳಿಕೆ ಇರಬೇಕು. ನೋಡಿದ್ದನ್ನು ಬರೆದಿಡಬೇಕು. ನಾಳೆ ಯಾರಾದರೂ ಕೇಳಿದರೆ "ಹೌದು, ನಾನೇ ನೋಡಿದೆ" ಎಂದು ಉತ್ತರ ಹೇಳಬೇಕು. ಈ ಕೆಲಸವನ್ನು ಮಾಡುವವರೇ ಟೇಪು ಹಿಡಿದು ಬರುವ ಇಂಜಿನಿಯರರು. ಪಂಚಾಯತ್ ರಾಜ್ ಇಲಾಖೆ, ರಸ್ತೆ ಮತ್ತು ಕಟ್ಟಡಗಳ ಇಲಾಖೆ, ಜಲಸಂಪನ್ಮೂಲ ಇಲಾಖೆ ಮುಂತಾದ ಕಡೆಗಳಲ್ಲಿ ಇವರನ್ನು ಸಹಾಯಕ ಇಂಜಿನಿಯರ್ ಎನ್ನುತ್ತಾರೆ. ಕರಾರಿನಲ್ಲಿ ಬರೆದಿರುವುದು ನೆಲದ ಮೇಲೆ ಹಾಗೆಯೇ ಆಗುತ್ತಿದೆಯೇ ಎಂದು ನೋಡಿಕೊಳ್ಳುವುದು ಇವರ ಹೊಣೆ.

ಆದೋನಿಯ ಸುತ್ತಮುತ್ತ ಈ ಕೆಲಸ ಇನ್ನೂ ಮುಖ್ಯ. ಇಲ್ಲಿ ಹತ್ತಿ ಬೆಳೆಯುವ ಕಪ್ಪು ಎರೆಭೂಮಿ ಬಹಳ. ಎರೆಮಣ್ಣು ಮಳೆಗೆ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಆಗ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾದ ಬಿರುಕುಗಳು ಬೀಳುವುದನ್ನು ನೀವು ನೋಡಿದ್ದೀರಿ. ಅಂಥ ಮಣ್ಣಿನ ಮೇಲೆ ಮೇಲುಮೇಲೆ ಪಾಯ ಹಾಕಿದರೆ ಏನಾಗುತ್ತದೆ? ನೆಲ ಉಬ್ಬಿದಾಗ ಗೋಡೆ ಏಳುತ್ತದೆ, ಕುಗ್ಗಿದಾಗ ಇಳಿಯುತ್ತದೆ. ಎರಡು ಮೂರು ವರ್ಷಗಳಲ್ಲಿ ಗೋಡೆಯಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಎರೆಮಣ್ಣನ್ನು ದಾಟಿ ಕೆಳಗಿನ ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು. ಗಟ್ಟಿ ನೆಲ ಬಹಳ ಆಳದಲ್ಲಿದ್ದರೆ ನೆಲದೊಳಗೆ ಕಾಂಕ್ರೀಟಿನ ಕಂಬಗಳನ್ನು ಇಳಿಸಿ ಅವುಗಳ ಮೇಲೆ ಕಟ್ಟಡ ನಿಲ್ಲಿಸಬೇಕು. ಪಾಯದ ಗುಂಡಿಯನ್ನು ಮುಚ್ಚುವ ಮೊದಲು ಇಂಜಿನಿಯರರು ಅದರೊಳಗೆ ಇಳಿದು ಅಳೆಯುವುದು ಇದಕ್ಕಾಗಿಯೇ.

ಏನೇನು ನೋಡುತ್ತಾರೆ?

ಒಂದು ಕೋಣೆ ಏಳುವವರೆಗೆ ಅವರು ಏನೇನು ನೋಡುತ್ತಾರೆ ಎಂಬುದನ್ನು ಒಂದೊಂದಾಗಿ ಗಮನಿಸೋಣ.

ಮೊದಲು ಸಾಮಾನು. ಸಿಮೆಂಟ್ ಚೀಲದ ಮೇಲೆ ಐ.ಎಸ್.ಐ. ಗುರುತು ಇದೆಯೇ? ಅದು ತಯಾರಾದ ವಾರ ಯಾವುದು? ಹಳೆಯದಾಗಿ ಗಂಟುಕಟ್ಟಿದ ಸಿಮೆಂಟ್ ಕೆಲಸಕ್ಕೆ ಬಾರದು. ಮರಳಿನಲ್ಲಿ ಮಣ್ಣು ಬೆರೆತಿದೆಯೇ? ಸರಳುಗಳು ನಕ್ಷೆಯಲ್ಲಿ ಹೇಳಿದಷ್ಟು ದಪ್ಪ ಇವೆಯೇ?

ಗೋಡೆ ಏಳುವಾಗ ತೂಗುಗುಂಡು ಬಿಟ್ಟು ನೋಡುತ್ತಾರೆ. ದಾರಕ್ಕೆ ಕಟ್ಟಿದ ಗುಂಡು ನೇರವಾಗಿ ಕೆಳಗೆ ತೂಗುತ್ತದೆ. ಗೋಡೆ ವಾಲಿದ್ದರೆ ಅದು ತೋರಿಸಿಕೊಡುತ್ತದೆ. ರಸಮಟ್ಟವನ್ನು ಇಟ್ಟು ನೆಲ ಸಮವಾಗಿದೆಯೇ ಎಂದು ನೋಡುತ್ತಾರೆ.

ಛಾವಣಿಗೆ ಕಾಂಕ್ರೀಟ್ ಹಾಕುವ ಹಿಂದಿನ ಗಳಿಗೆ ಬಹಳ ಮುಖ್ಯ. ಹಲಗೆಗಳ ಮೇಲೆ ಸರಳುಗಳನ್ನು ಜಾಲರಿಯಂತೆ ಕಟ್ಟಿರುತ್ತಾರೆ. ಇಂಜಿನಿಯರರು ಸರಳುಗಳನ್ನು ಎಣಿಸುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರವಿದೆ ಎಂದು ಅಳೆಯುತ್ತಾರೆ. ಸರಳುಗಳ ಕೆಳಗೆ ಸಿಮೆಂಟಿನ ಚಿಕ್ಕ ಬಿಲ್ಲೆಗಳನ್ನು ಇಟ್ಟಿದ್ದಾರೆಯೇ ಎಂದು ನೋಡುತ್ತಾರೆ. ಈ ಬಿಲ್ಲೆಗಳು ಇಲ್ಲದಿದ್ದರೆ ಸರಳು ಹಲಗೆಗೆ ತಾಗಿಕೊಂಡು, ಛಾವಣಿಯ ಕೆಳಗೆ ಹೊರಕ್ಕೆ ಕಾಣುತ್ತದೆ. ಗಾಳಿ, ತೇವ ತಗುಲಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಹಳೆಯ ಕಟ್ಟಡಗಳ ಛಾವಣಿಯಿಂದ ಹೆಕ್ಕಳಿಕೆ ಬೀಳುವುದಕ್ಕೆ ಇದು ಒಂದು ಕಾರಣ. ಒಂದು ರೂಪಾಯಿಯ ಬಿಲ್ಲೆಯನ್ನು ಉಳಿಸಲು ಹೋಗಿ ಮಕ್ಕಳ ತಲೆಯ ಮೇಲಿನ ಛಾವಣಿಯನ್ನು ಕಳೆದುಕೊಳ್ಳಬಾರದು.

ಕಾಂಕ್ರೀಟ್ ಕಲಸುವಾಗ ಸಿಮೆಂಟ್, ಮರಳು, ಜಲ್ಲಿ ಇವುಗಳ ಪ್ರಮಾಣವನ್ನು ನೋಡುತ್ತಾರೆ. ನೀರನ್ನೂ ನೋಡುತ್ತಾರೆ. ನೀರು ಹೆಚ್ಚಾದರೆ ಕಲಸುವುದು ಸುಲಭ, ಆದರೆ ಕಾಂಕ್ರೀಟಿನ ಬಲ ಕಡಿಮೆಯಾಗುತ್ತದೆ. ಕಲಸಿದ ಕಾಂಕ್ರೀಟಿನಿಂದ ಸ್ವಲ್ಪ ತೆಗೆದು ಕಬ್ಬಿಣದ ಅಚ್ಚುಗಳಿಗೆ ತುಂಬುತ್ತಾರೆ. ಪ್ರತಿ ಅಚ್ಚೂ 15 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಘನ. ಮರುದಿನ ಅಚ್ಚಿನಿಂದ ಬಿಡಿಸಿ ನೀರಿನಲ್ಲಿ ಇಡುತ್ತಾರೆ. 7ನೆಯ ದಿನ ಕೆಲವನ್ನು, 28ನೆಯ ದಿನ ಉಳಿದವನ್ನು ಪರೀಕ್ಷೆಯ ಯಂತ್ರದಲ್ಲಿಟ್ಟು ಒತ್ತುತ್ತಾರೆ. ಛಾವಣಿಗೆ ಬಳಸುವ ಎಂ-20 ಎಂಬ ಕಾಂಕ್ರೀಟಿನ ಘನವು 28 ದಿನಗಳ ನಂತರ ಸುಮಾರು 45 ಟನ್ ಭಾರವನ್ನು ತಡೆದುಕೊಳ್ಳಬೇಕು. ನಿಮ್ಮ ಎರಡು ಅಂಗೈಗಳಲ್ಲಿ ಹಿಡಿಯಬಹುದಾದ ಒಂದು ತುಂಡಿನ ಮೇಲೆ ಅಷ್ಟು ಭಾರ! ಅದಕ್ಕಿಂತ ಬಹಳ ಮೊದಲೇ ಅದು ಪುಡಿಯಾದರೆ ಕಾಂಕ್ರೀಟಿನಲ್ಲಿ ದೋಷವಿದೆ ಎಂದು ಅರ್ಥ.

ಕೊನೆಯದು ನೀರುಣಿಸುವುದು. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಸಿಮೆಂಟ್ ನೀರಿನೊಡನೆ ಸೇರಿ ಗಟ್ಟಿಯಾಗುತ್ತದೆ. ಆದ್ದರಿಂದ ಕನಿಷ್ಠ 7 ದಿನಗಳು ಅದನ್ನು ಒದ್ದೆಯಾಗಿ ಇಡಬೇಕು. ಆದೋನಿಯಂತಹ ಬಿಸಿಲು ಹೆಚ್ಚಿರುವ ಒಣ ಪ್ರದೇಶದಲ್ಲಿ ಕನಿಷ್ಠ 10 ದಿನಗಳು ಬೇಕು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕಷ್ಟವಿರುವ ಊರುಗಳಲ್ಲಿ ಈ ಕೆಲಸವನ್ನು ಮರೆಯುವುದು ಸುಲಭ. ಮರೆಯದಂತೆ ನೋಡಿಕೊಳ್ಳುವುದೂ ಮೇಲ್ವಿಚಾರಣೆಯ ಒಂದು ಭಾಗವೇ.

ಅಳತೆ ಪುಸ್ತಕ

ಇನ್ನು ಅವರ ಕಂಕುಳಲ್ಲಿರುವ ಪುಸ್ತಕದ ವಿಷಯಕ್ಕೆ ಬರೋಣ. ಅದೇ ಅಳತೆ ಪುಸ್ತಕ. ಕಚೇರಿಯಲ್ಲಿ ಇದನ್ನು ಎಂ-ಬುಕ್ ಎನ್ನುತ್ತಾರೆ. ಯಾವ ದಿನ, ಯಾವ ಕೆಲಸ, ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಎತ್ತರ ಎಂದು ಇದರಲ್ಲಿ ಬರೆಯುತ್ತಾರೆ. ಈ ಅಳತೆಯ ಮೇಲೆಯೇ ಗುತ್ತಿಗೆದಾರರ ಬಿಲ್ಲು ತಯಾರಾಗುತ್ತದೆ. ಪುಸ್ತಕದಲ್ಲಿ ಇಲ್ಲದ ಕೆಲಸಕ್ಕೆ ಹಣವಿಲ್ಲ.

ಒಂದು ಲೆಕ್ಕ ಮಾಡೋಣ. ಒಂದು ಗೋಡೆಯ ಉದ್ದ 6 ಮೀಟರ್, ಎತ್ತರ 3 ಮೀಟರ್, ದಪ್ಪ 0.23 ಮೀಟರ್ ಇದೆ.

6 × 3 × 0.23 = 4.14 ಘನ ಮೀಟರ್

ಆದರೆ ಆ ಗೋಡೆಯಲ್ಲಿ ಒಂದು ಬಾಗಿಲಿದೆ. ಅದು 1 ಮೀಟರ್ ಅಗಲ, 2 ಮೀಟರ್ ಎತ್ತರ. ಬಾಗಿಲು ಇರುವ ಜಾಗದಲ್ಲಿ ಇಟ್ಟಿಗೆ ಇಲ್ಲ. ಆದ್ದರಿಂದ ಅದನ್ನು ಕಳೆಯಬೇಕು.

1 × 2 × 0.23 = 0.46 ಘನ ಮೀಟರ್

4.14 - 0.46 = 3.68 ಘನ ಮೀಟರ್

ಲೆಕ್ಕಕ್ಕಾಗಿ ಒಂದು ಘನ ಮೀಟರಿಗೆ 6,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಆಗ ಕೊಡಬೇಕಾದುದು 22,080 ರೂಪಾಯಿ. ಬಾಗಿಲನ್ನು ಕಳೆಯಲು ಮರೆತರೆ 24,840 ರೂಪಾಯಿ ಆಗುತ್ತದೆ. ಒಂದು ಬಾಗಿಲಿಗೆ 2,760 ರೂಪಾಯಿ ವ್ಯತ್ಯಾಸ! ಒಂದು ಶಾಲೆಯಲ್ಲಿ ಎಷ್ಟು ಬಾಗಿಲು ಕಿಟಕಿಗಳಿವೆ, ಒಂದು ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ ಎಂದು ಯೋಚಿಸಿರಿ. ನೀವು ಗಣಿತದಲ್ಲಿ ಕಲಿಯುವ ಗುಣಾಕಾರ, ವ್ಯವಕಲನಗಳ ಬೆಲೆ ಆಗ ತಿಳಿಯುತ್ತದೆ.

ಅಳತೆ ಪುಸ್ತಕಕ್ಕೆ ಕೆಲವು ಕಟ್ಟುನಿಟ್ಟಾದ ನಿಯಮಗಳಿವೆ. ಅದರ ಪ್ರತಿ ಪುಟಕ್ಕೂ ಸಂಖ್ಯೆ ಇರುತ್ತದೆ. ಒಂದು ಪುಟವನ್ನೂ ಹರಿಯುವಂತಿಲ್ಲ. ನೀವು ತಪ್ಪು ಬರೆದರೆ ರಬ್ಬರಿನಿಂದ ಅಳಿಸುತ್ತೀರಿ. ಇಲ್ಲಿ ಹಾಗೆ ಅಳಿಸುವಂತಿಲ್ಲ. ತಪ್ಪಾದರೆ ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದುದನ್ನು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಮೊದಲು ಏನು ಬರೆದಿತ್ತು ಎಂಬುದೂ ಮುಂದೆ ಓದುವವರಿಗೆ ಕಾಣಬೇಕು. ಸಹಾಯಕ ಇಂಜಿನಿಯರರು ಅಳೆದುದನ್ನು ಮೇಲಿನ ಅಧಿಕಾರಿಗಳು ಬಂದು ಮತ್ತೆ ಅಳೆದು ನೋಡುತ್ತಾರೆ. ಇದಕ್ಕೆ ಮರು ಅಳತೆ ಎನ್ನಬಹುದು. ಈಗ ಕೆಲವು ಇಲಾಖೆಗಳಲ್ಲಿ ಅಳತೆಯನ್ನು ಕಂಪ್ಯೂಟರಿನಲ್ಲಿ ಬರೆಯುವುದೂ ಉಂಟು. ಬರೆಯುವ ಜಾಗ ಬದಲಾದರೂ ನಿಯಮ ಒಂದೇ.

ಪುಟದ ಕೊನೆಯಲ್ಲಿ ಸಹಿ ಇರುತ್ತದೆ. ಸಹಿ ಎಂದರೆ ಬರಿಯ ಹೆಸರಲ್ಲ. "ನಾನು ಸ್ವತಃ ಹೋಗಿದ್ದೆ, ಕಣ್ಣಾರೆ ಕಂಡೆ, ಅಳೆದು ಬರೆದೆ" ಎಂಬ ಮಾತು ಅದರಲ್ಲಿದೆ. ಮುಚ್ಚಿಹೋದ ಪಾಯವನ್ನು ನಾವು ನೋಡಲಾರೆವು. ಆ ಸಹಿಯನ್ನು ನಂಬಿಯೇ ನಾವು ಕೋಣೆಯೊಳಗೆ ಕೂರುತ್ತೇವೆ. ಹೋಗದೆ, ನೋಡದೆ ಹಾಕಿದ ಸಹಿ ಸುಳ್ಳು ಸಾಕ್ಷಿಗೆ ಸಮ.

ಎರಡು ಕಡೆಗೂ ನ್ಯಾಯ

ಮೇಲ್ವಿಚಾರಕರೆಂದರೆ ಗುತ್ತಿಗೆದಾರರ ತಪ್ಪು ಹುಡುಕುವವರು ಎಂದು ತಿಳಿಯಬೇಡಿರಿ. ಅವರು ಎರಡು ಕಡೆಗೂ ನ್ಯಾಯವಾಗಿ ನಡೆದುಕೊಳ್ಳಬೇಕು. ಕೆಲಸ ಸರಿಯಾಗಿದ್ದರೆ ತಡಮಾಡದೆ ಅಳತೆ ಬರೆದು ಬಿಲ್ಲು ಕಳುಹಿಸಬೇಕು. ಬಿಲ್ಲು ತಡವಾದರೆ ಗುತ್ತಿಗೆದಾರರಿಗೆ ಕಷ್ಟ. ಅವರಿಗಿಂತಲೂ ಹೆಚ್ಚಿನ ಕಷ್ಟ ಕೂಲಿ ಕೆಲಸದವರಿಗೆ. ಈ ಭಾಗದ ಅನೇಕ ಕುಟುಂಬಗಳು ಮಳೆ ಬಾರದ ವರ್ಷ ಕಟ್ಟಡದ ಕೆಲಸಕ್ಕೆಂದು ದೂರದ ಊರುಗಳಿಗೆ ಗುಳೆ ಹೋಗುತ್ತವೆ. ಅವರ ಕೂಲಿ ಸಕಾಲಕ್ಕೆ ಕೈಸೇರುವುದು ಎಷ್ಟು ಮುಖ್ಯ ಎಂಬುದು ನಿಮ್ಮಲ್ಲಿ ಹಲವರಿಗೆ ತಿಳಿದೇ ಇದೆ.

ಕೆಲವು ವೇಳೆ ಕೆಲಸದ ನಡುವೆ ಬದಲಾವಣೆ ಬೇಕಾಗುತ್ತದೆ. ಪಾಯಕ್ಕೆ ಒಂದೂವರೆ ಮೀಟರ್ ಅಗೆದರೆ ಸಾಕು ಎಂದು ಅಂದಾಜು ಪಟ್ಟಿಯಲ್ಲಿ ಬರೆದಿದೆ ಎಂದು ಭಾವಿಸೋಣ. ಅಗೆದು ನೋಡಿದರೆ ಇನ್ನೂ ಎರೆಮಣ್ಣೇ ಇದೆ. ಆಗ ಏನು ಮಾಡಬೇಕು? "ಪಟ್ಟಿಯಲ್ಲಿ ಇದ್ದಷ್ಟೇ ಅಗೆಯುತ್ತೇನೆ" ಎಂದರೆ ಕಟ್ಟಡ ನಿಲ್ಲದು. "ಹೆಚ್ಚು ಅಗೆಯಿರಿ, ಹಣ ಕೊಡುವುದಿಲ್ಲ" ಎಂದರೆ ನ್ಯಾಯವಲ್ಲ. ಇಂಜಿನಿಯರರು ಸ್ಥಳವನ್ನು ನೋಡಿ, ಎಷ್ಟು ಹೆಚ್ಚು ಅಗೆಯಬೇಕು, ಅದಕ್ಕೆ ಎಷ್ಟು ಖರ್ಚು ಎಂದು ಬರೆದು ಮೇಲಿನವರ ಒಪ್ಪಿಗೆ ಪಡೆಯುತ್ತಾರೆ. ಅನಂತರ ಕೆಲಸ ಮುಂದುವರಿಯುತ್ತದೆ. ಬಾಯಿಮಾತಿನಲ್ಲಿ ಹೇಳಿದ ಬದಲಾವಣೆ ಜಗಳಕ್ಕೆ ದಾರಿ. ಬರೆದ ಬದಲಾವಣೆ ಇಬ್ಬರಿಗೂ ರಕ್ಷೆ.

ಕೆಲಸ ಮುಗಿದ ಮೇಲೂ ಗುತ್ತಿಗೆದಾರರ ಹೊಣೆ ಮುಗಿಯುವುದಿಲ್ಲ. ಕರಾರಿನಲ್ಲಿ ಹೇಳಿದ ಅವಧಿಯೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಅವರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಅಲ್ಲಿಯವರೆಗೆ ಅವರ ಹಣದ ಒಂದು ಭಾಗವನ್ನು ಹಿಡಿದಿಟ್ಟಿರುತ್ತಾರೆ.

ಹಿಂದಿನವರ ತಿಳಿವಳಿಕೆ

ನಮ್ಮ ಸೀಮೆಯ ಹಿಂದಿನವರಿಗೂ ಈ ವಿಷಯ ತಿಳಿದಿತ್ತು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಕಾಲದ ಒಂದು ದೊಡ್ಡ ಕೆರೆ ಇದೆ. ಬುಕ್ಕರಾಯನ ಮಗ ಭಾಸ್ಕರನು ಅದನ್ನು ಕಟ್ಟಿಸಿದನು. ಅಲ್ಲಿ 1369ರ ಒಂದು ಶಿಲಾಶಾಸನವಿದೆ. ಕೆರೆಯ ಕೆಲಸ 2 ವರ್ಷ ನಡೆಯಿತು, ದಿನವೂ 1,000 ಕೆಲಸಗಾರರು ದುಡಿದರು, 100 ಗಾಡಿಗಳು ಕಲ್ಲು ಸಾಗಿಸಿದವು ಎಂದು ಅದು ಹೇಳುತ್ತದೆ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ, ಇರಬಾರದ 6 ದೋಷಗಳನ್ನೂ ಅದರಲ್ಲಿ ಕೆತ್ತಿಸಿದ್ದಾರೆ. ಆ 12ರಲ್ಲಿ ಜಲಶಾಸ್ತ್ರವನ್ನು ಬಲ್ಲ ವ್ಯಕ್ತಿ ಇರಬೇಕು ಎಂಬುದೂ ಒಂದು. ಕಟ್ಟೆಯಿಂದ ನೀರು ಒಸರುವುದು 6 ದೋಷಗಳಲ್ಲಿ ಒಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷವಂತೆ! ಹಣವಿದ್ದರೆ, ಆಳುಗಳಿದ್ದರೆ ಸಾಲದು, ಬಲ್ಲವರು ನಿಂತು ನೋಡಬೇಕು ಎಂದು ಅವರು ಆಗಲೇ ಕಲ್ಲಿನಲ್ಲಿ ಬರೆದಿಟ್ಟರು.

ಈ ಭಾಗದ ಹೊಲಗಳಿಗೆ ಕೆಳಮಟ್ಟದ ಕಾಲುವೆಯ ಮೂಲಕ ನೀರು ಕೊಡುವ ತುಂಗಭದ್ರಾ ಅಣೆಕಟ್ಟನ್ನು ನೀವು ಬಲ್ಲಿರಿ. ಹೊಸಪೇಟೆಯ ಬಳಿ ಅದರ ಕೆಲಸ 1945ರ ಫೆಬ್ರವರಿ 28ರಂದು ಆರಂಭವಾಯಿತು. ಆಗ ಅದನ್ನು ಕಟ್ಟಿಸಿದ್ದು ಮದರಾಸು ಮತ್ತು ಹೈದರಾಬಾದು ಸರಕಾರಗಳು. ಎರಡು ಸರಕಾರಗಳ ಇಂಜಿನಿಯರರು ನದಿಯ ಎರಡು ದಡಗಳಿಂದ ಕೆಲಸ ನಡೆಸಿದರು. ಸುಣ್ಣ, ಇಟ್ಟಿಗೆಯ ಪುಡಿ ಸೇರಿದ ಸುರ್ಕಿ ಗಾರೆಯಿಂದ ಕಲ್ಲಿನ ಮೇಲೆ ಕಲ್ಲು ಕಟ್ಟಿದರು. 1953ರ ಹೊತ್ತಿಗೆ ಕಾಲುವೆಗೆ ನೀರು ಬಿಡುವಂತಾಯಿತು. ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದುವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದವು.

ಆ ಕಲ್ಲುಕಟ್ಟೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಆದರೆ 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯ ಗೇಟಿನ ಸರಪಳಿ ಕಡಿದು, ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ನೀರು ರಭಸವಾಗಿ ಹರಿದುಹೋಗತೊಡಗಿತು. ಕಾಲುವೆಯನ್ನು ನಂಬಿದ ರೈತರೆಲ್ಲ ಚಿಂತೆಗೀಡಾದರು. ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ಆಗಸ್ಟ್ 17ರ ವೇಳೆಗೆ ನೀರನ್ನು ತಡೆದರು. ಇದರಿಂದ ನಾವು ಕಲಿಯಬೇಕಾದುದು ಏನು? ಕಟ್ಟುವಾಗ ನೋಡಿದರೆ ಸಾಲದು, ಕಟ್ಟಿದ ಮೇಲೂ ವರ್ಷವರ್ಷವೂ ನೋಡುತ್ತಿರಬೇಕು. ಸರಪಳಿಯ ಒಂದು ಕೊಂಡಿಯ ಮೇಲೆ ಸಾವಿರಾರು ಮನೆಗಳ ಅನ್ನ ನಿಂತಿರುತ್ತದೆ.

ಈ ಕೆಲಸಕ್ಕೆ ಏನು ಓದಬೇಕು?

ಟೇಪು ಹಿಡಿದವರೆಲ್ಲ ಅಳತೆ ಪುಸ್ತಕದಲ್ಲಿ ಬರೆಯುವಂತಿಲ್ಲ. ಅದಕ್ಕೆ ಅರ್ಹತೆ ಬೇಕು. ಹತ್ತನೆಯ ತರಗತಿಯ ನಂತರ ಪ್ರವೇಶ ಪರೀಕ್ಷೆ ಬರೆದು ಪಾಲಿಟೆಕ್ನಿಕ್ ಸೇರಬಹುದು. ಅಲ್ಲಿ ಸಿವಿಲ್ ಇಂಜಿನಿಯರಿಂಗ್ ಡಿಪ್ಲೊಮಾ 3 ವರ್ಷ. ಇಂಟರ್‌ಮೀಡಿಯೆಟ್ ನಂತರ ಓದುವ ಇಂಜಿನಿಯರಿಂಗ್ ಪದವಿ 4 ವರ್ಷ. ಆಮೇಲೆ ಸರಕಾರಿ ಕೆಲಸಕ್ಕೆ ಮತ್ತೆ ಪರೀಕ್ಷೆ ಬರೆಯಬೇಕು. ಕೆಲಸಕ್ಕೆ ಸೇರಿದ ಮೇಲೂ ಇಲಾಖೆಯ ಪರೀಕ್ಷೆಗಳಿವೆ. ಹಣದ ಲೆಕ್ಕವನ್ನು ಹೇಗೆ ಇಡಬೇಕೆಂಬ ಪರೀಕ್ಷೆಯೂ ಅವುಗಳಲ್ಲಿ ಒಂದು. 2019ರ ಅಕ್ಟೋಬರ್ 2ರಂದು ಆಂಧ್ರಪ್ರದೇಶದಲ್ಲಿ ಗ್ರಾಮ ಸಚಿವಾಲಯಗಳು ಆರಂಭವಾದಾಗ, ಹಳ್ಳಿಯಲ್ಲಿಯೇ ಇದ್ದು ಇಂಥ ಕೆಲಸ ನೋಡಿಕೊಳ್ಳಲು ಇಂಜಿನಿಯರಿಂಗ್ ಸಹಾಯಕರನ್ನು ನೇಮಿಸಿದರು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ.

ಬೇರೆ ದೇಶಗಳಲ್ಲಿ ಕಟ್ಟಡದ ಕರಾರನ್ನು ನೋಡಿಕೊಳ್ಳುವವರಿಗೆ ಪ್ರತ್ಯೇಕ ಪ್ರಮಾಣಪತ್ರವೂ ಉಂಟು. ಅಮೆರಿಕದಲ್ಲಿ 1948ರಲ್ಲಿ ಹುಟ್ಟಿದ ಕನ್ಸ್‌ಟ್ರಕ್ಷನ್ ಸ್ಪೆಸಿಫಿಕೇಷನ್ಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಅಂಥ ಪರೀಕ್ಷೆ ನಡೆಸುತ್ತದೆ. ಕೆನಡಾದಲ್ಲಿಯೂ ಇಂಥದೇ ಏರ್ಪಾಡು ಇದೆ. ನಕ್ಷೆ ಓದುವುದು, ಕರಾರಿನ ಮಾತುಗಳನ್ನು ಅರ್ಥಮಾಡಿಕೊಳ್ಳುವುದು, ಬದಲಾವಣೆಗಳನ್ನು ಬರೆದಿಡುವುದು, ಬಿಲ್ಲು ಪರೀಕ್ಷಿಸುವುದು, ಜಗಳ ಬಾರದಂತೆ ಇಬ್ಬರನ್ನೂ ನಡೆಸಿಕೊಂಡು ಹೋಗುವುದು ಇವೆಲ್ಲ ಬರಬೇಕು. ದೇಶ ಬೇರೆಯಾದರೂ ಕೆಲಸದ ತಿರುಳು ಒಂದೇ.

ಪ್ರಮಾಣಪತ್ರವು ಒಬ್ಬರಿಗೆ ತಿಳಿವಳಿಕೆ ಇದೆ ಎಂದು ಹೇಳುತ್ತದೆ. ಆದರೆ ಬಿಸಿಲಿನಲ್ಲಿ ಪಾಯದ ಗುಂಡಿಗೆ ಇಳಿದು ಅಳೆಯುವ ಮನಸ್ಸನ್ನು ಯಾವ ಪ್ರಮಾಣಪತ್ರವೂ ಕೊಡಲಾರದು. ಅದು ಅವರೇ ಬೆಳೆಸಿಕೊಳ್ಳಬೇಕಾದ ಗುಣ.

ನಮ್ಮ ಪಾಲೂ ಇದೆ

ಸರಕಾರಿ ಕಟ್ಟಡ ಯಾರದು? ಅದು ನಮ್ಮೆಲ್ಲರದು. ಅದಕ್ಕೆ ಖರ್ಚಾಗುವುದು ನಾವು ಕೊಡುವ ತೆರಿಗೆಯ ಹಣ. ಅಂಗಡಿಯಲ್ಲಿ ಒಂದು ಸಾಬೂನು ಕೊಂಡರೂ ಅದರ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಆದ್ದರಿಂದ ಕೆಲಸ ಹೇಗೆ ನಡೆಯುತ್ತಿದೆ ಎಂದು ಕೇಳುವ ಹಕ್ಕು ನಮಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಸಾರ್ವಜನಿಕ ಕೆಲಸವನ್ನು ಪರಿಶೀಲಿಸಲು, ದಾಖಲೆಗಳ ಪ್ರತಿ ಪಡೆಯಲು, ಬಳಸಿದ ಸಾಮಾನಿನ ಮಾದರಿ ಕೇಳಲು ಪ್ರಜೆಗಳಿಗೆ ಅವಕಾಶವಿದೆ. ಅಳತೆ ಪುಸ್ತಕವೂ ಅಂಥ ಒಂದು ದಾಖಲೆ.

2019ರ ನವೆಂಬರ್ 14ರಂದು ಆಂಧ್ರಪ್ರದೇಶದಲ್ಲಿ ಆರಂಭವಾದ 'ಮನ ಬಡಿ ನಾಡು-ನೇಡು' ಕಾರ್ಯಕ್ರಮದಲ್ಲಿ ಶಾಲೆಗಳ ದುರಸ್ತಿ ಕೆಲಸವನ್ನು ಪೋಷಕರ ಸಮಿತಿಗಳಿಗೇ ವಹಿಸಿದರು. ಹೊಲದ ಕೆಲಸ ಮಾಡುವ ತಾಯಂದಿರೂ, ತಂದೆಯರೂ ತಮ್ಮ ಮಕ್ಕಳ ಶಾಲೆಯ ಕೆಲಸವನ್ನು ನೋಡಿಕೊಂಡರು. ಅಳತೆಗೆ, ತಾಂತ್ರಿಕ ಸಲಹೆಗೆ ಇಂಜಿನಿಯರರು ಅವರ ಜೊತೆಗಿದ್ದರು.

ನೀವು ಚಿಕ್ಕವರು. ಆದರೂ ನಿಮ್ಮಿಂದ ಆಗುವ ಕೆಲಸಗಳಿವೆ. ಕೆಲಸ ನಡೆಯುವ ಜಾಗದ ಹತ್ತಿರ, ಹಲಗೆ ಕಂಬಗಳ ಕೆಳಗೆ ಆಡಬೇಡಿರಿ. ಕೆಲಸದ ವಿವರ ಬರೆದ ಫಲಕವಿದ್ದರೆ ಓದಿರಿ. ತರಗತಿಯ ಛಾವಣಿಯಲ್ಲಿ ಬಿರುಕು, ಸೋರಿಕೆ, ಹೊರಗೆ ಬಂದ ಸರಳು ಕಂಡರೆ ಕೂಡಲೇ ಗುರುಗಳಿಗೆ ತಿಳಿಸಿರಿ. ನಿಮ್ಮ ಕಣ್ಣಿಗೆ ಬಿದ್ದುದನ್ನು ಹೇಳಲು ಹೆದರಬೇಡಿರಿ.

ಮಕ್ಕಳೇ, ಆದೋನಿಯ ಬೆಟ್ಟದ ಕೋಟೆಯನ್ನೂ, ಹದಿನೇಳನೆಯ ಶತಮಾನದ ಜಾಮಿಯಾ ಮಸೀದಿಯನ್ನೂ ನೋಡಿರಿ. ಅವುಗಳ ಕಲ್ಲು ಕಡಿದವರ ಹೆಸರು, ನಿಂತು ಅಳೆದವರ ಹೆಸರು ನಮಗೆ ತಿಳಿಯದು. ಅವರ ಕೆಲಸ ಮಾತ್ರ ಉಳಿದಿದೆ. ನಿಮ್ಮಲ್ಲಿ ಕೆಲವರು ಮುಂದೆ ಮೇಸ್ತ್ರಿಗಳಾಗಬಹುದು, ಗುತ್ತಿಗೆದಾರರಾಗಬಹುದು, ಅಳತೆ ಪುಸ್ತಕ ಹಿಡಿದ ಇಂಜಿನಿಯರರೂ ಆಗಬಹುದು. ಯಾವ ಕೆಲಸವಾದರೂ ಸರಿ, ನೋಡಿದ್ದನ್ನೇ ಬರೆಯಿರಿ. ಬರೆದುದಕ್ಕೆ ಮಾತ್ರ ಸಹಿ ಹಾಕಿರಿ.

ಅಭ್ಯಾಸ

ಪದಗಳ ಅರ್ಥ

ಕರಾರು - ಒಪ್ಪಂದ
ಗುತ್ತಿಗೆದಾರ - ಕೆಲಸವನ್ನು ಒಪ್ಪಿ ವಹಿಸಿಕೊಂಡವನು
ಪಾಯ - ಬುನಾದಿ, ತಳಪಾಯ
ಠೇವಣಿ - ಭರವಸೆಗಾಗಿ ಇಡುವ ಹಣ
ರಸಮಟ್ಟ - ನೆಲದ ಸಮತಟ್ಟನ್ನು ತೋರಿಸುವ ಸಾಧನ
ಹೆಕ್ಕಳಿಕೆ - ಒಡೆದು ಉದುರುವ ಪದರು
ಗುಳೆ - ಬದುಕಿಗಾಗಿ ಊರು ಬಿಟ್ಟು ಹೋಗುವುದು

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.

1. ಕರಾರು ಎಂದರೇನು?
2. ಎರೆಮಣ್ಣು ಮಳೆಗಾಲದಲ್ಲಿ ಏನಾಗುತ್ತದೆ?
3. ಕಾಂಕ್ರೀಟಿನ ಘನಗಳನ್ನು ಯಾವ ಯಾವ ದಿನ ಪರೀಕ್ಷಿಸುತ್ತಾರೆ?
4. ತುಂಗಭದ್ರಾ ಅಣೆಕಟ್ಟಿನ ಎಷ್ಟನೆಯ ಗೇಟು 2024ರಲ್ಲಿ ಕೊಚ್ಚಿಹೋಯಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.

1. ಪಾಯ ಮತ್ತು ಸರಳುಗಳನ್ನು ಮುಚ್ಚುವ ಮೊದಲೇ ಏಕೆ ನೋಡಬೇಕು?
2. ಅಳತೆ ಪುಸ್ತಕದ ನಿಯಮಗಳು ಯಾವುವು? ಅಲ್ಲಿ ರಬ್ಬರಿನಿಂದ ಏಕೆ ಅಳಿಸಬಾರದು?
3. ಮೇಲ್ವಿಚಾರಕರು ಎರಡು ಕಡೆಗೂ ನ್ಯಾಯವಾಗಿ ನಡೆದುಕೊಳ್ಳುವುದು ಎಂದರೇನು?
4. ಪೋರುಮಾಮಿಳ್ಳದ ಶಾಸನದಿಂದ ನಮಗೆ ಏನು ತಿಳಿಯುತ್ತದೆ?

ಇ. ಬಿಟ್ಟ ಸ್ಥಳಗಳನ್ನು ತುಂಬಿರಿ.

1. ಗೋಡೆ ನೇರವಾಗಿದೆಯೇ ಎಂದು ತಿಳಿಯಲು ------------ ಬಳಸುತ್ತಾರೆ.
2. ಸಿಮೆಂಟ್ ------------ ಸೇರಿ ಗಟ್ಟಿಯಾಗುತ್ತದೆ.
3. ಮಾಹಿತಿ ಹಕ್ಕು ಕಾಯ್ದೆ ಬಂದ ವರ್ಷ ------------.

ಈ. ಲೆಕ್ಕ ಮಾಡಿರಿ.

ಒಂದು ಗೋಡೆಯ ಉದ್ದ 5 ಮೀಟರ್, ಎತ್ತರ 3 ಮೀಟರ್, ದಪ್ಪ 0.23 ಮೀಟರ್. ಅದರಲ್ಲಿ 1 ಮೀಟರ್ ಅಗಲ, 2 ಮೀಟರ್ ಎತ್ತರದ ಒಂದು ಬಾಗಿಲೂ, 1 ಮೀಟರ್ ಅಗಲ, 1 ಮೀಟರ್ ಎತ್ತರದ ಒಂದು ಕಿಟಕಿಯೂ ಇವೆ. ಗೋಡೆಯ ಕಟ್ಟಡ ಎಷ್ಟು ಘನ ಮೀಟರ್?

ಉ. ಚಟುವಟಿಕೆ

ನಿಮ್ಮ ತರಗತಿಯ ಕೋಣೆಯನ್ನು ಟೇಪಿನಿಂದ ಅಳೆಯಿರಿ. ಒಂದು ಪುಸ್ತಕದಲ್ಲಿ ದಿನಾಂಕ, ಉದ್ದ, ಅಗಲ, ಎತ್ತರಗಳನ್ನು ಬರೆದು ಸಹಿ ಹಾಕಿರಿ. ಇನ್ನೊಂದು ಗುಂಪಿನವರು ಮರು ಅಳತೆ ಮಾಡಲಿ. ಎರಡು ಅಳತೆಗಳಲ್ಲಿ ವ್ಯತ್ಯಾಸವಿದ್ದರೆ ಕಾರಣವನ್ನು ಕಂಡುಹಿಡಿಯಿರಿ.